ಮೃಗಶಿರಾದಿಂದ ಹುಬ್ಬಾವರೆಗೆ: ಒಂದು ಮಾಂಗಾವನ್ನು ಮಳೆಗಾಲದಲ್ಲಿ ಗುಂಪಾಗಿ ಓದುವ ಕ್ರಮ

ತೀರ್ಥಹಳ್ಳಿಯ ನಮ್ಮ ಏಳು ಜನರ ಗುಂಪು ಕಳೆದ ಮಳೆಗಾಲದಲ್ಲಿ ರ್‍ಯೋಕೊ ಕುಯಿ ಅವರ ‘ಡೆಲಿಶಿಯಸ್ ಇನ್ ಡಂಜನ್’ ಎಂಬ ಮಾಂಗಾದ (ಜಪಾನಿ ಚಿತ್ರಕಥೆಯ) 14 ಸಂಪುಟಗಳನ್ನು ಒಂದೇ ಜಗಲಿಯಲ್ಲಿ ಕುಳಿತು ಓದಿ ಮುಗಿಸಿತು. ಸಾಗರ, ಹೊಸನಗರ ಕಡೆಯ ಸ್ನೇಹಿತರು ತಾವೂ ಈ ವರ್ಷ ಹಾಗೆಯೇ ಓದಬೇಕೆಂದಿದ್ದೇವೆ, ಹೇಗೆ ಶುರುಮಾಡುವುದು ಎಂದು ಕೇಳಿದ್ದರಿಂದ, ನಾವು ಮಾಡಿದ್ದನ್ನೂ ಮಾಡಿ ಕೆಟ್ಟದ್ದನ್ನೂ ಇಲ್ಲಿ ಬರೆದಿದ್ದೇನೆ.

ಕಥೆ ಗೊತ್ತಿಲ್ಲದವರಿಗಾಗಿ ಆರಂಭವನ್ನಷ್ಟೇ ಹೇಳುತ್ತೇನೆ. ಮಾಂತ್ರಿಕ ಜೀವಿಗಳು ತುಂಬಿದ ಒಂದು ಪಾತಾಳದಲ್ಲಿ ಕೆಂಪು ಡ್ರ್ಯಾಗನ್ ಒಂದು ಫ್ಯಾಲಿನ್ ಎಂಬ ಹುಡುಗಿಯನ್ನು ನುಂಗುತ್ತದೆ. ನುಂಗುವ ಮುನ್ನ ಆಕೆ ತನ್ನ ಮಂತ್ರದಿಂದ ಜೊತೆಯವರನ್ನೆಲ್ಲ ಹೊರಕ್ಕೆ ಸಾಗಿಸಿಬಿಟ್ಟಿರುತ್ತಾಳೆ. ಡ್ರ್ಯಾಗನ್‌ಗೆ ಊಟ ಅರಗುವುದು ನಿಧಾನ, ಆ ಪಾತಾಳದಲ್ಲಿ ಸತ್ತವರನ್ನು ಮರಳಿ ಬದುಕಿಸುವ ವಿದ್ಯೆಯೂ ಇದೆ. ಆದ್ದರಿಂದ ಅಣ್ಣ ಲಾಯೋಸ್, ಮಂತ್ರವಿದ್ಯೆ ಬಲ್ಲ ಮಾರ್ಸಿಲ್ ಮತ್ತು ಬೀಗ ತೆಗೆಯುವ ಚಿಲ್‌ಚಕ್ ತಕ್ಷಣ ಹೊರಡಲೇಬೇಕು. ಆದರೆ ಕೈಯಲ್ಲಿ ದುಡ್ಡೂ ಇಲ್ಲ, ಬುತ್ತಿಯೂ ಇಲ್ಲ. ದಾರಿಯಲ್ಲಿ ಸಿಗುವ ಜೀವಿಗಳನ್ನೇ ಬೇಯಿಸಿ ತಿನ್ನುವುದೊಂದೇ ಉಪಾಯ. ಅಲ್ಲಿ ಅವರಿಗೆ ಸಿಗುವವನು ಇಂಥ ಅಡುಗೆಯನ್ನೇ ಹತ್ತು ವರ್ಷಕ್ಕೂ ಮೀರಿ ಅಭ್ಯಾಸ ಮಾಡಿದ ಸೆನ್ಶಿ ಎಂಬ ಕುಳ್ಳ. ಮೂಲ ಹೆಸರು ‘ಡಂಜನ್ ಮೆಶಿ’. ನಮ್ಮಲ್ಲಿ ‘ಅನ್ನ’ ಎಂದರೆ ಅಕ್ಕಿಯ ಅನ್ನವೂ ಹೌದು, ಒಟ್ಟಾರೆ ಊಟವೂ ಹೌದು. ಜಪಾನಿಯ ‘ಮೆಶಿ’ಯೂ ಹಾಗೆಯೇ.

ಮೊದಲು ಕಾಲದ ಲೆಕ್ಕ ಹಾಕಿಕೊಳ್ಳಬೇಕು. ಈ ಮಾಂಗಾ ‘ಹರ್ತಾ’ ಪತ್ರಿಕೆಯಲ್ಲಿ 2014ರಿಂದ 2023ರವರೆಗೆ ಬಂದು 97 ಅಧ್ಯಾಯಗಳಿಗೆ ಮುಗಿದಿದೆ. ಮೃಗಶಿರಾ ಮಳೆ ಕೂಡುವ ಜೂನ್ ಮೊದಲ ವಾರದಿಂದ ಹುಬ್ಬಾ ಮುಗಿಯುವ ಸೆಪ್ಟೆಂಬರ್ ನಡುವಿನವರೆಗೆ ಏಳು ಮಳೆ ನಕ್ಷತ್ರಗಳಿವೆ, ಒಂದೊಂದಕ್ಕೂ ಹೆಚ್ಚುಕಡಿಮೆ ಎರಡು ವಾರ. ವಾರಕ್ಕೊಂದು ಸಂಪುಟ, ನಕ್ಷತ್ರಕ್ಕೆರಡು ಎಂದು ಇಟ್ಟುಕೊಂಡರೆ 14 ಸಂಪುಟಗಳೂ ಮಳೆಯೊಂದಿಗೇ ಮುಗಿಯುತ್ತವೆ. ಈ ಹೊಂದಾಣಿಕೆ ಆಕಸ್ಮಿಕವೆಂಬುದು ನನಗೂ ಗೊತ್ತು, ಆದರೆ ಕ್ಯಾಲೆಂಡರ್ ನೋಡದೆಯೇ ‘ಪುಷ್ಯ ಬಂತು, ಏಳನೆಯದು ಯಾರ ಹತ್ತಿರ ಇದೆ’ ಎಂದು ಕೇಳುವುದು ನಮ್ಮ ಬಾಯಿಗೆ ಚೆನ್ನಾಗಿ ಹತ್ತಿತು. ಡ್ರ್ಯಾಗನ್‌ನೊಂದಿಗಿನ ಕಾಳಗ ನಾಲ್ಕನೆಯ ಸಂಪುಟದಲ್ಲಿದೆ, ಅಂದರೆ ಅದು ಆರಿದ್ರೆಯ ಪಾಲಿಗೆ ಬೀಳುತ್ತದೆ. ಆರದೆ ಹುಯ್ಯುವ ಆ ಮಳೆಯ ಸದ್ದಿನಲ್ಲಿ ಅದನ್ನು ಓದಿದವರು ಟಿ.ವಿ. ಪರದೆಯ ಮೇಲೆ ಬೆಂಕಿ ನೋಡಲು ಆಸೆಪಡುವುದಿಲ್ಲ.

ಪರದೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಟ್ರಿಗರ್ ಸ್ಟುಡಿಯೊ 2024ರಲ್ಲಿ ಮಾಡಿದ ಇದೇ ಕಥೆಯ 24 ಕಂತುಗಳ ಅನಿಮೆ (ಜಪಾನಿ ಆನಿಮೇಷನ್ ಸರಣಿ) ನೆಟ್‌ಫ್ಲಿಕ್ಸ್‌ನಲ್ಲಿದೆ, ಚೆನ್ನಾಗಿಯೂ ಇದೆ. ಆದರೆ ಅದು ಕಥೆಯ ಅರ್ಧದ ಸುಮಾರಿಗೆ ನಿಲ್ಲುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಕಡೆಯವರಿಗೆ ಜುಲೈಯಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಕಾರ್ಯಕ್ರಮ ಹಾಕಿಕೊಳ್ಳಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ. ಅಚ್ಚಾದ ಪುಸ್ತಕಕ್ಕೆ ಒಂದು ಎಮರ್ಜೆನ್ಸಿ ದೀಪ ಸಾಕು.

ಪುಸ್ತಕ ಕೊಳ್ಳುವಾಗ ಎಲ್ಲ ಸಂಪುಟಗಳನ್ನೂ ಒಬ್ಬರೇ ಕೊಳ್ಳಬಾರದು. ನಾವು ಓದಿದ್ದು ಯೆನ್ ಪ್ರೆಸ್‌ನ ಇಂಗ್ಲಿಷ್ ಆವೃತ್ತಿ. ಏಳು ಜನ ತಲಾ ಎರಡು ಸಂಪುಟ ತರಿಸಿದೆವು. ಓದಿದ ಮೇಲೆ ಅವರವರದು ಅವರವರಿಗೇ. ಇದರಿಂದ ಖರ್ಚು ಹಂಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರೂ ಮನೆಯಲ್ಲಿ ಒಂಟಿಯಾಗಿ ಕುಳಿತು ಕೊನೆಯವರೆಗೆ ಓಡಿಬಿಡಲು ಆಗುವುದಿಲ್ಲ. ಉತ್ಸಾಹವಿರುವ ಓದುಗರ ದೊಡ್ಡ ದೋಷವೇ ಈ ಓಟ. ಮುಂದಿನದನ್ನು ತಿಳಿದುಕೊಂಡು ಬಂದವರು ಸುಮ್ಮನೆ ಕುಳಿತರೂ ಅವರ ಮುಖವೇ ಕಥೆ ಹೇಳುತ್ತದೆ. ಫೋನಿನಲ್ಲಿ ಓದುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಎರಡು ಪುಟಗಳಿಗೆ ಹರಡಿದ ಚಿತ್ರ ಅಲ್ಲಿ ತುಂಡಾಗುತ್ತದೆ.

ಪುಟ ಬಲದಿಂದ ಎಡಕ್ಕೆ ಸಾಗುತ್ತದೆ, ಪುಟದೊಳಗಿನ ಚೌಕಗಳೂ ಮಾತಿನ ಗುಳ್ಳೆಗಳೂ ಹಾಗೆಯೇ. ಮೊದಲ ಸಂಜೆ ನಮ್ಮಲ್ಲೊಬ್ಬರು ರೂಢಿಯಂತೆ ಎಡದಿಂದ ಶುರುಮಾಡಿ, ಉತ್ತರವನ್ನು ಮೊದಲು ಓದಿ ಪ್ರಶ್ನೆಯನ್ನು ಆಮೇಲೆ ಓದುತ್ತಿದ್ದರು. ಮಾರ್ಸಿಲ್ ಯಾರೂ ಏನೂ ಹೇಳದೆಯೇ ಕಿರುಚುತ್ತಿದ್ದಾಳೆ ಎಂದು ಎಲ್ಲರೂ ಹತ್ತು ನಿಮಿಷ ನಂಬಿದ್ದೆವು. ಓದುವವರ ಪಕ್ಕದಲ್ಲಿ ಕುಳಿತ ಒಬ್ಬರು ಒಂದು ಕಡ್ಡಿಯಿಂದ ಚೌಕ ತೋರಿಸುತ್ತಾ ಹೋದರೆ ಎರಡನೆಯ ಸಂಜೆಯ ಹೊತ್ತಿಗೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ.

ಗುಂಪಿನಲ್ಲಿ ಇಂಗ್ಲಿಷ್ ಸರಾಗವಾಗಿ ಬಾರದವರು ಒಬ್ಬರಾದರೂ ಇರಲಿ ಎಂಬುದು ನನ್ನ ಆಗ್ರಹ. ಅವರಿಗಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುವಾಗಲೇ ಉಳಿದವರಿಗೂ ಪುಸ್ತಕ ಸರಿಯಾಗಿ ದಕ್ಕುತ್ತದೆ. ನಮ್ಮಲ್ಲಿ ಅಂಥವರು ಪಕ್ಕದ ಮನೆಯ ಅಜ್ಜಿ. ಅವರು ಕಥೆ ಕೇಳಲೆಂದು ಬಂದವರಲ್ಲ, ಹಪ್ಪಳದ ಡಬ್ಬ ವಾಪಸು ಒಯ್ಯಲು ಬಂದು ಕುಳಿತವರು. ಸೆನ್ಶಿ ದೊಡ್ಡ ಚೇಳಿನ ತಲೆ, ಬಾಲ, ಕಾಲು ತೆಗೆದು, ಬೆನ್ನಿನ ಮೇಲೆ ಚಾಕುವಿನಿಂದ ಗೀರು ಹಾಕಿ ಸಾರಿಗೆ ಬಿಡುವ ಪುಟ ತೆರೆದಿತ್ತು. ಹಾಗೆ ಗೀರಿದರೆ ಬೇಗ ಬೇಯುತ್ತದೆ, ರುಚಿಯೂ ಸಾರಿಗೆ ಇಳಿಯುತ್ತದೆ ಎಂದು ಅವನ ವಿವರಣೆ. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಜ್ಜಿ, ‘ಏಡಿಗೂ ಹಂಗೇ ಅಲ್ಲನಾ, ಉಪ್ಪು ಯಾವಾಗ ಹಾಕ್ದ ಅವ?’ ಎಂದು ಕೇಳಿದರು. ನಾವು ಚಿತ್ರದಲ್ಲಿ ಉಪ್ಪನ್ನು ಹುಡುಕಲು ಹಿಂದಿನ ಪುಟಕ್ಕೆ ಹೋಗಬೇಕಾಯಿತು. ಈ ಮಾಂಗಾವನ್ನು ಓದಬೇಕಾದ್ದು ಹಾಗೆ: ಕತ್ತಿಯ ಏಟಿನ ಪುಟದಲ್ಲಿ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಕುಯ್ಯುವ ಹಲಗೆಯ ಪುಟದಲ್ಲಿ ನಿಲ್ಲಬೇಕು. ಕುಯಿ ಅವರು ಪ್ರತಿಯೊಂದು ಜೀವಿಗೂ ಒಂದು ದೇಹ, ಒಂದು ಆಹಾರ, ಒಂದು ಬದುಕುವ ರೀತಿ ಕೊಟ್ಟಿರುತ್ತಾರೆ. ಮುಂದೆ ಕಥೆ ಗಂಭೀರವಾದಾಗ ತಿರುವುಗಳೆಲ್ಲ ಹುಟ್ಟುವುದು ಯಾರು ಯಾರನ್ನು ತಿನ್ನುತ್ತಾರೆ ಎಂಬ ಇದೇ ಲೆಕ್ಕದಿಂದ. ಅಡುಗೆಯ ಪುಟ ಹಾರಿಸಿದವರಿಗೆ ಕೊನೆಯ ಸಂಪುಟಗಳು ಅರ್ಧವೇ ಸಿಗುತ್ತವೆ.

ಮಲೆನಾಡಿನವರಿಗೆ ಇಲ್ಲಿ ಒಂದು ಅನುಕೂಲವಿದೆ. ಚಗಳಿ ಇರುವೆಯ ಚಟ್ನಿ ಅರೆಯುವ, ಕಳಲೆಯನ್ನು ಹೆಚ್ಚಿ ದಿನಾ ನೀರು ಬದಲಿಸುತ್ತಾ ವಿಷ ತೆಗೆದು ಪಲ್ಯ ಮಾಡುವ, ಕೆಸುವಿನ ತುರಿಕೆಯನ್ನು ಹುಣಸೆಹುಳಿಯಿಂದ ಕಟ್ಟಿ ಪತ್ರೊಡೆ ಬೇಯಿಸುವ ಜನಕ್ಕೆ ಸೆನ್ಶಿ ವಿಚಿತ್ರ ವ್ಯಕ್ತಿಯಲ್ಲ, ದೂರದ ನೆಂಟ. ಆದ್ದರಿಂದ ಪ್ರತಿ ಕೂಟಕ್ಕೂ ಆ ವಾರದ ಅಡುಗೆಗೆ ಹತ್ತಿರವಾದ ಒಂದು ಊರಿನ ತಿನಿಸು ಇರಲಿ ಎಂದು ಗೊತ್ತುಮಾಡಿಕೊಂಡೆವು. ಬಿಸಿಲಿನಲ್ಲಿ ಒಣಗಿಸಿದ ಲೋಳೆಜೀವಿಯ ಅಧ್ಯಾಯಕ್ಕೆ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ನಡೆದಾಡುವ ಅಣಬೆಗೆ ಅಣಬೆ ಸಾರು. ಎರಡನೆಯ ಸಂಪುಟದಲ್ಲಿ ಸೆನ್ಶಿ ಮಣ್ಣಿನ ದೈತ್ಯರ ಬೆನ್ನ ಮೇಲೆ ತರಕಾರಿ ಬೆಳೆಯುತ್ತಾನೆ. ಮಂಗ, ಹಂದಿಗಳ ಕಾಟದಲ್ಲಿ ತೋಟ ಮಾಡುವ ನಮ್ಮ ಇಬ್ಬರು ಸದಸ್ಯರಿಗೆ ಕಳ್ಳರನ್ನು ತಾನೇ ಎದ್ದು ಓಡಿಸುವ ಆ ಹೊಲದಷ್ಟು ಮೆಚ್ಚುಗೆಯಾದದ್ದು ಇಡೀ ಮಾಂಗಾದಲ್ಲಿ ಬೇರೊಂದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪುಸ್ತಕದ ಉತ್ಸಾಹದಲ್ಲಿ ಗುರುತಿಲ್ಲದ ಅಣಬೆಯನ್ನು ಕಿತ್ತು ತರಬೇಡಿ. ಮನೆಯ ಹಿರಿಯರು ಕೈಯಲ್ಲಿ ಹಿಡಿದು ನೋಡಿ ಹೌದೆನ್ನದಿದ್ದರೆ ಅದು ಗೊಬ್ಬರದ ಗುಂಡಿಗೆ ಹೋಗಲಿ.

ಕನ್ನಡದಲ್ಲಿ ಹೇಳುವಾಗ ಎರಡು ವಿಷಯಗಳನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು. ಇಂಗ್ಲಿಷಿನ ‘ಯೂ’ ಎಲ್ಲರಿಗೂ ಒಂದೇ. ನಮಗೆ ನೀನು ಯಾರು, ನೀವು ಯಾರು ಎಂಬುದು ಗೊತ್ತಾಗದೆ ಒಂದು ವಾಕ್ಯವೂ ಮುಂದೆ ಹೋಗುವುದಿಲ್ಲ. ಲಾಯೋಸ್, ಮಾರ್ಸಿಲ್ ಪರಸ್ಪರ ಏಕವಚನದಲ್ಲಿ ಮಾತನಾಡುತ್ತಾರೆ, ಎಲ್ಲರೂ ಸೆನ್ಶಿಯನ್ನು ‘ನೀವು’ ಎನ್ನುತ್ತಾರೆ, ಸೆನ್ಶಿ ಎಲ್ಲರನ್ನೂ ‘ನೀನು’ ಎನ್ನುತ್ತಾನೆ ಎಂದು ನಾವು ಇಟ್ಟುಕೊಂಡೆವು. ಚಿಲ್‌ಚಕ್‌ನನ್ನು ಹೇಗೆ ಕರೆಯಬೇಕು ಎಂಬುದನ್ನು ಮಾತ್ರ ಮುಂದಕ್ಕೆ ಬಿಡಿ. ಕಾರಣ ಓದುತ್ತಾ ತಿಳಿಯುತ್ತದೆ, ಮೊದಲೇ ತಿಳಿದವರು ದಯವಿಟ್ಟು ಹೇಳಬಾರದು.

ಎರಡನೆಯದು ಸದ್ದು. ಮಾಂಗಾದಲ್ಲಿ ಸದ್ದುಗಳನ್ನು ಚಿತ್ರದ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಇವು ಬಡವಾಗಿ ಕಾಣುತ್ತವೆ, ಏಕೆಂದರೆ ಆ ಭಾಷೆಗೆ ಅನುಕರಣಾವ್ಯಯಗಳ ಸಂಪತ್ತು ಕಡಿಮೆ. ಜಪಾನಿಗೂ ಕನ್ನಡಕ್ಕೂ ಅದು ಧಾರಾಳವಾಗಿದೆ. ಪಾತ್ರೆಯಲ್ಲಿ ಸಾರು ಕುದಿಯುವುದಕ್ಕೆ ಜಪಾನಿಯವರು ‘ಗುತ್ಸುಗುತ್ಸು’ ಎಂದರೆ ನಾವು ‘ಕೊತಕೊತ’ ಎನ್ನುತ್ತೇವೆ. ಕಿವಿಯಿಟ್ಟು ಕೇಳಿದರೆ ಎರಡೂ ಒಂದೇ ಒಲೆಯ ಮೇಲಿನ ಪಾತ್ರೆಗಳು. ಇಂಗ್ಲಿಷ್ ಪದವನ್ನು ಅನುವಾದಿಸದೆ ಚಿತ್ರವನ್ನೇ ನೋಡಿ ಸದ್ದು ಹೇಳಬೇಕು: ಲೋಳೆಜೀವಿ ತಲೆಯ ಮೇಲೆ ಬಿದ್ದದ್ದು ‘ಪಚಕ್’, ಎಣ್ಣೆಗೆ ಬಿಟ್ಟದ್ದು ‘ಚೊಂಯ್’, ನಡೆಯುವ ಕವಚ ‘ಖಣಖಣ’. ಈ ಕೆಲಸವನ್ನು ಗುಂಪಿನ ಅತಿ ಚಿಕ್ಕವರಿಗೆ ಕೊಟ್ಟರೆ ಅವರು ಎಂದೂ ಗೈರುಹಾಜರಾಗುವುದಿಲ್ಲ. ನಮ್ಮಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಆ ಕವಚದ ಅಧ್ಯಾಯಕ್ಕೆಂದೇ ಸ್ಟೀಲಿನ ಲೋಟ, ಸೌಟು ತಂದಿದ್ದ. ಮಂತ್ರದಿಂದ ನಡೆಯುತ್ತದೆಂದು ಎಲ್ಲರೂ ತಿಳಿದಿದ್ದ ಆ ಕಬ್ಬಿಣದ ಕವಚದೊಳಗೆ ಚಿಪ್ಪಿನ ಮೀನಿನಂಥ ಮೆತ್ತನೆಯ ಜೀವಿಗಳ ಒಂದು ಸಂಸಾರವೇ ಇದೆ ಎಂದು ಲಾಯೋಸ್ ಕಂಡುಹಿಡಿದಾಗ, ಅವನು ಸೌಟು ಕೆಳಗಿಟ್ಟು, ಹಾಗಾದರೆ ಸದ್ದು ಬೇರೆ ಇರಬೇಕಿತ್ತಲ್ಲ ಎಂದು ಬೇಸರಪಟ್ಟುಕೊಂಡ.

‘ಡಂಜನ್’ ಎಂಬುದಕ್ಕೆ ಕನ್ನಡ ಪದ ಹುಡುಕಿ ಹೊತ್ತು ಕಳೆಯುವ ಅಗತ್ಯವಿಲ್ಲ. ನೆಲಮಾಳಿಗೆ ಎಂದರೆ ಸಣ್ಣದಾಗುತ್ತದೆ, ಸುರಂಗ ಎಂದರೆ ನೀರಿನ ನೆನಪಾಗುತ್ತದೆ. ನಾವು ‘ಪಾತಾಳ’ಕ್ಕೆ ಒಪ್ಪಿದೆವು. ಅದು ಬರೀ ಗುಹೆಯಲ್ಲ, ಮಾಯೆಯಿಂದ ನೆಲದಡಿ ಸೇರಿದ ಒಂದು ರಾಜ್ಯ, ಕೋಟೆ, ಪೇಟೆ, ಅರಮನೆಯ ಸಮೇತ. ಇದು ಮನಸ್ಸಿಗೆ ಇಳಿಯಬೇಕಾದರೆ ಮಳೆ ಹೊಳವಾದ ಒಂದು ಭಾನುವಾರ ಕವಲೇದುರ್ಗಕ್ಕೆ ಹತ್ತಿ, ಕೆಳದಿ ನಾಯಕರ ಅರಮನೆಯ ಪಾಳು ಅಡಿಪಾಯದ ನಡುವೆ ಉಳಿದಿರುವ ಕಲ್ಲಿನ ಒಲೆಯ ಹತ್ತಿರ ಕುಳಿತು ಒಂದು ಅಧ್ಯಾಯ ಓದಬೇಕು. ರಾಜರು ಹೋಗಿ, ಗೋಡೆ ಬಿದ್ದು, ಒಲೆ ಉಳಿದ ಆ ಜಾಗದಲ್ಲಿ ಸೆನ್ಶಿಯ ಮಾತುಗಳಿಗೆ ವಿವರಣೆ ಬೇಕಾಗುವುದಿಲ್ಲ. ಕಲ್ಲು ಜಾರುತ್ತದೆ, ಜಿಗಣೆಗೆ ಸುಣ್ಣವೋ ಉಪ್ಪೋ ಜೊತೆಗಿರಲಿ, ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.

ಪುಸ್ತಕಕ್ಕೆ ಶೀತ ಹಿಡಿಯುವುದು ಇಲ್ಲಿನ ನಿಜವಾದ ರಾಕ್ಷಸ. ನನ್ನ ಆರನೆಯ ಸಂಪುಟವನ್ನು ಜಗಲಿಯ ಕಿಟಕಿಯಲ್ಲಿ ಒಂದೇ ರಾತ್ರಿ ಮರೆತದ್ದಕ್ಕೆ ಅಂಚೆಲ್ಲ ಅಲೆಯಲೆಯಾಗಿ ಉಬ್ಬಿತು, ವಾರದಲ್ಲಿ ಬೂಷ್ಟು ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬಾರದು, ಆದರೆ ಬಿಳಿ ಪುಟ ಹೊಗೆಗೆ ಹಳದಿಯಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ, ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಒಂದು ಗಂಟಿನೊಂದಿಗೆ ಇಡುವುದು ನಮಗೆ ಸರಿಹೋಯಿತು. ಅಕ್ಕಿಯನ್ನು ಆಗಾಗ ಮತ್ತೆ ಹುರಿಯಬೇಕು.

ಐದನೆಯ ಸಂಪುಟದಿಂದಾಚೆ ಹಲವರ ಆಸಕ್ತಿ ಕುಗ್ಗುವ ಅಪಾಯವಿದೆ. ಕಬ್ರು ಮತ್ತು ಅವನ ಜೊತೆಯವರು, ಆಮೇಲೆ ಉದ್ದ ಕಿವಿಯ ಮಾಂತ್ರಿಕ ಕುಲದವರಾದ ಪಡುವಣದ ಎಲ್ಫ್‌ಗಳು ಎಂದು ಹೊಸ ಮುಖಗಳು ಒಂದರ ಹಿಂದೊಂದು ಬರುತ್ತವೆ, ಅಡುಗೆ ಹಿಂದೆ ಸರಿದು ರಾಜಕೀಯ ಮುಂದೆ ಬರುತ್ತದೆ. ನಮ್ಮಲ್ಲೊಬ್ಬರು ಪುಷ್ಯದ ಹೊತ್ತಿಗೆ ಬಿಟ್ಟೇಬಿಟ್ಟರು, ಅವರ ಪಾಲಿನ ಎರಡು ಸಂಪುಟಗಳನ್ನು ಉಳಿದವರು ಸೇರಿ ಕೊಂಡೆವು. ಮೊದಲೇ ಒಂದು ನೋಟ್‌ಪುಸ್ತಕದಲ್ಲಿ ಹೆಸರು, ಕುಲ, ಯಾರ ಕಡೆಯವರು, ಮೊದಲು ಕಂಡದ್ದು ಯಾವ ಪುಟದಲ್ಲಿ ಎಂದು ಬರೆಯುತ್ತಾ ಬಂದಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ನಾವು ಆ ಪುಸ್ತಕ ಶುರುಮಾಡಿದ್ದು ಆಶ್ಲೇಷದಲ್ಲಿ, ತಡವಾಗಿ.

ಕೊನೆಯ ಎರಡು ಸಂಪುಟಗಳನ್ನು ಬೇರೆ ಬೇರೆ ವಾರಗಳಲ್ಲಿ ಓದಬಾರದು. ಜಪಾನಿನಲ್ಲಿಯೂ 13 ಮತ್ತು 14 ಎರಡೂ 2023ರ ಡಿಸೆಂಬರಿನಲ್ಲಿ ಒಂದೇ ದಿನ ಬಂದವು, ಕಥೆಯೂ ಅಷ್ಟೇ ಬಿಗಿಯಾಗಿ ಹೆಣೆದುಕೊಂಡಿದೆ. ಹುಬ್ಬಾದ ಒಂದು ರಜಾದಿನ ಬೆಳಿಗ್ಗೆ ಹತ್ತಕ್ಕೆ ಕುಳಿತರೆ ಸಂಜೆಯೊಳಗೆ ಮುಗಿಯುತ್ತದೆ. ಅಂದು ನಡುವೆ ಎದ್ದು ಅಡುಗೆಮನೆಗೆ ಹೋಗಬೇಕಾದವರು ಯಾರೂ ಇರದಂತೆ ಅಕ್ಕಿ ರೊಟ್ಟಿ, ಚಟ್ನಿಯನ್ನು ಮುಂಚೆಯೇ ಮಾಡಿಟ್ಟುಕೊಳ್ಳಿ. ಓದುವಾಗ ಹಸಿವಾಗುವುದು ಖಚಿತ.