‘ಐ ಯಾಮ್ ಫಿಟ್ ಸರ್’ ಅಂದವನು ಡಿಸೆಬಿಲಿಟಿ ಪೆನ್ಷನ್ ತಗೊಂಡಿದ್ದು: ನನ್ನ ಅನುಭವ

ನಾನು 1996ರಲ್ಲಿ ಸೇನೆಗೆ ಭರ್ತಿ ಆದವನು, 2013ರ ಏಪ್ರಿಲ್ ಕೊನೆಗೆ ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಮಧ್ಯದಲ್ಲಿ ಎರಡೂವರೆ ವರ್ಷ ಆರ್‌ಆರ್ (ರಾಷ್ಟ್ರೀಯ ರೈಫಲ್ಸ್) ಜೊತೆ ಕಾಶ್ಮೀರದ ಕುಪ್ವಾರದಲ್ಲಿದ್ದೆ. 2003ರಲ್ಲಿ ಒಂದು ಬೆಳಿಗ್ಗೆ ರೋಡ್ ಓಪನಿಂಗ್ ಡ್ಯೂಟಿಲಿ, ಅಂದ್ರೆ ಸೇನೆ ಗಾಡಿಗಳು ಓಡೋ ಮುಂಚೆ ರಸ್ತೆ ತಪಾಸಣೆ ಮಾಡೋ ಕೆಲಸದಲ್ಲಿ, ನಮ್ಮ ಮುಂದಿನ ಗಾಡಿ ಬಚ್ಚಿಟ್ಟ ಬಾಂಬಿಗೆ (ಐಇಡಿ) ಸಿಕ್ತು, ಅದ್ರಲ್ಲಿದ್ದ ಹುಡುಗ ಹಿಂದಿನ ರಾತ್ರಿ ನನ್ನ ಪಕ್ಕದ ಮಂಚದಲ್ಲಿ ಮಲಗಿದ್ದವನು, ಅವನನ್ನ ಹೊರಗೆ ಎಳೆದವನು ನಾನೇ. ನನಗೆ ಒಂದು ತರಚು ಗಾಯನೂ ಆಗ್ಲಿಲ್ಲ. ಗಾಯ ಆಗದವನ ಹೆಸರಲ್ಲಿ ಇಂಜುರಿ ರಿಪೋರ್ಟ್ ಬರೆಯಲ್ಲ, ಹತ್ತು ವರ್ಷ ಆದ್ಮೇಲೆ ನನ್ನ ಕುತ್ತಿಗೆಗೆ ಬಂದಿದ್ದು ಅದೇ.

ನಿದ್ದೆ ಹೋಯ್ತು. ರಜೆಗೆ ಬಂದಾಗ ರಸ್ತೆ ಪಕ್ಕ ಜಲ್ಲಿ ರಾಶಿ ಕಂಡ್ರೆ ಬೈಕ್ ನಿಲ್ಲಿಸಿ ಬಿಡ್ತಿದ್ದೆ, ಮುಂದೆ ಹೋಗೋಕೆ ಕಾಲೇ ಬರ್ತಿರ್ಲಿಲ್ಲ. ಆದ್ರೂ ವರ್ಷ ವರ್ಷ ಮೆಡಿಕಲ್‌ನಲ್ಲಿ ಡಾಕ್ಟರ್ ಕೇಳಿದ್ರೆ ‘ಐ ಯಾಮ್ ಫಿಟ್ ಸರ್’ ಅಂತಾನೇ ಹೇಳ್ತಿದ್ದೆ, ಯಾಕಂದ್ರೆ ಪ್ರಮೋಷನ್ ಹೋಗುತ್ತೆ, ಜೊತೆಯವರು ಏನಂದ್ಕೋತಾರೋ ಅನ್ನೋ ಭಯ. ಕೊನೆಗೆ 2009ರಲ್ಲಿ ಯೂನಿಟ್‌ನವರೇ ಆಸ್ಪತ್ರೆಗೆ ಕಳಿಸಿದ್ರು, ಸೈಕಿಯಾಟ್ರಿ ವಾರ್ಡಲ್ಲಿ 46 ದಿನ ಇದ್ದೆ. ಸೇನೆಲಿ ಆರೋಗ್ಯ ಅಳೆಯೋ ಶೇಪ್ (SHAPE) ಕೆಟಗರಿಲಿ ಮೊದಲನೇ ಅಕ್ಷರ ಎಸ್ ಇದ್ಯಲ್ಲ, ಮನಸ್ಸಿಂದು, ಅದ್ರಲ್ಲಿ ನನ್ನನ್ನ ಎಸ್-2ಗೆ ಇಳಿಸಿದ್ರು. ಡಿಸ್ಚಾರ್ಜ್ ಚೀಟಿಲಿ ಬರೆದಿದ್ದು ಎಫ್43.2, ಅಂದ್ರೆ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್. ಪಿಟಿಎಸ್‌ಡಿ, ಅಂದ್ರೆ ಭಯಾನಕ ಘಟನೆ ಆದ್ಮೇಲೆ ಮನಸ್ಸಿಗೆ ಅಂಟ್ಕೊಳ್ಳೋ ಕಾಯಿಲೆ, ಅದರ ಕೋಡ್ ಎಫ್43.1. ಒಂದು ನಂಬರ್ ವ್ಯತ್ಯಾಸ ಅಷ್ಟೇ ಅಂತ ಆಮೇಲೆ ಗೊತ್ತಾಗಿದ್ದು.

ರಿಟೈರ್ ಆಗುವಾಗ ರಿಲೀಸ್ ಮೆಡಿಕಲ್ ಬೋರ್ಡ್ 30 ಪರ್ಸೆಂಟ್, ಲೈಫ್ ಲಾಂಗ್ ಅಂತ ಹಾಕ್ತು, ಪಕ್ಕದಲ್ಲೇ ‘ನಾನಾ’ ಅಂತಾನೂ ಬರೆದ್ರು. ಅಂದ್ರೆ ಸರ್ವಿಸ್‌ನಿಂದ ಬಂದಿದ್ದೂ ಅಲ್ಲ, ಸರ್ವಿಸ್‌ನಿಂದ ಜಾಸ್ತಿ ಆಗಿದ್ದೂ ಅಲ್ಲ. ಕಾರಣ ಒಂದೇ ಸಾಲು, ಕಾಯಿಲೆಗೂ ಸೇನಾ ಸೇವೆಗೂ ಸಂಬಂಧ ಇಲ್ಲ ಅಂತ. ಕುಪ್ವಾರ ಅನ್ನೋ ಪದ ಆ ಕಾಲಮ್‌ನಲ್ಲಿ ಎಲ್ಲೂ ಇಲ್ಲ. ನಾನು ಓದದೆ ಸೈನ್ ಹಾಕಿದ್ದೆ.

ಡಿಸೆಬಿಲಿಟಿ ಪೆನ್ಷನ್ ಕ್ಲೇಮ್ ರಿಜೆಕ್ಟ್ ಆದ ಕಾಗದ ಬಂದಾಗ ಸುಮ್ನಾಗ್ಬಿಡೋಣ ಅಂತಾನೇ ಇದ್ದೆ, ಆದ್ರೆ ಒಬ್ಬ ಮಾಜಿ ಸುಬೇದಾರ್ ಸಾಹೇಬ್ರು ಅಪೀಲ್‌ಗೆ ಆರೇ ತಿಂಗಳು ಟೈಮ್ ಇರೋದು, ಮೊದಲು ಹಾಕು, ಆಮೇಲೆ ಬೇಜಾರು ಮಾಡ್ಕೋ ಅಂದ್ರು. ಹಾಕ್ದೆ. ಮೊದಲನೇ ಅಪೀಲ್ ಹೋಯ್ತು, ಎರಡನೇದೂ ಹೋಯ್ತು, ಎರಡರಲ್ಲೂ ಅದೇ ಒಂದು ಸಾಲಿನ ಉತ್ತರ.

ಆ ಹೊತ್ತಲ್ಲಿ ಮಾಡಿದ ಒಂದು ಒಳ್ಳೆ ಕೆಲಸ ಅಂದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ ನನ್ನ ಪೂರ್ತಿ ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್, ಭರ್ತಿ ಆದಾಗಿನ ಮೆಡಿಕಲ್, 2009ರ ಕೇಸ್ ಶೀಟ್ ಎಲ್ಲಾ ತರಿಸ್ಕೊಂಡಿದ್ದು. ಅದ್ರಲ್ಲಿ ಸಿಕ್ತು ಎಎಫ್‌ಎಂಎಸ್‌ಎಫ್-10, ಸೈಕಿಯಾಟ್ರಿಗೆ ಕಳಿಸುವಾಗ ಸಿಓ (ಯೂನಿಟ್‌ನ ಕಮಾಂಡಿಂಗ್ ಆಫೀಸರ್) ಬರೆಯೋ ರಿಪೋರ್ಟ್. ನನ್ನ ಸಿಓ ಕೈಬರಹದಲ್ಲೇ ಬರೆದಿದ್ರು, ಕುಪ್ವಾರದ ಘಟನೆ ಆದ್ಮೇಲೆ ಈ ಜವಾನ ಮೊದಲಿನ ಹಾಗಿಲ್ಲ, ಮಾತು ಬಿಟ್ಟಿದ್ದಾನೆ ಅಂತ. ಆ ಹಾಳೆ ಹಿಡ್ಕೊಂಡು ನಾನು ಅವತ್ತು ಎಷ್ಟೊತ್ತು ಕೂತಿದ್ನೋ. ಬೋರ್ಡ್‌ನ ಮುಂದೆ ಇದ್ದ ಕಾಗದನೇ ಅದು, ಯಾರೂ ಓದಿರ್ಲಿಲ್ಲ.

ವಕೀಲರು ಮೊದಲನೇ ದಿನವೇ ಹೇಳಿದ್ರು, ‘ಸಾಬೀತು ಮಾಡೋ ಭಾರ ನಿಮ್ಮದಲ್ಲ.’ ಇಂಥ ಪೆನ್ಷನ್ ಯಾರಿಗೆ ಸಿಗುತ್ತೆ ಅನ್ನೋ 1982ರ ಎಂಟೈಟಲ್‌ಮೆಂಟ್ ರೂಲ್ಸ್‌ನಲ್ಲೇ ಇತ್ತು, ಭರ್ತಿ ಆಗುವಾಗ ಕಾಯಿಲೆ ನಮೂದಾಗಿಲ್ಲ ಅಂದ್ರೆ ಅವತ್ತು ನೀವು ದೇಹ ಮನಸ್ಸು ಎರಡರಲ್ಲೂ ಸರಿ ಇದ್ರಿ ಅಂತಾನೇ ಲೆಕ್ಕ, ಅನುಮಾನ ಇದ್ರೆ ಅದರ ಲಾಭ ಜವಾನನಿಗೆ. 2013ರಲ್ಲಿ ಧರ್ಮವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡೀತು, ಕಾರಣ ಕೊಡದ ಬೋರ್ಡ್ ಅಭಿಪ್ರಾಯ ನಿಲ್ಲಲ್ಲ ಅಂತ. ಆ ರೂಲ್ಸ್‌ನ ಅನುಬಂಧದಲ್ಲಿ ಒತ್ತಡದಿಂದ ಬಾಧಿಸೋ ಕಾಯಿಲೆಗಳ ಪಟ್ಟಿ ಇತ್ತು, ಅದ್ರಲ್ಲಿ ಸೈಕೋಸಿಸ್, ಸೈಕೋನ್ಯೂರೋಸಿಸ್, ಅಂದ್ರೆ ಮನಸ್ಸಿನ ಕಾಯಿಲೆಗಳು, ಮೊದಲಿಗೇ ಬರ್ತಿತ್ತು. ಹಾಗಾಗಿ ಕಾಯಿಲೆ ಹೆಸರು ಬದಲಾಯಿಸಿ ಅಂತ ನಾವು ಜಗಳ ಆಡ್ಲೇ ಇಲ್ಲ. ನನಗೆ ಪಿಟಿಎಸ್‌ಡಿ ಅಂತಾನೇ ಬರೆಸ್ಬೇಕು ಅನ್ನೋ ಹಟ ಇತ್ತು, ಅದನ್ನ ಬಿಟ್ಟಿದ್ದೇ ಒಳ್ಳೇದಾಯ್ತು, ಇಲ್ಲಾಂದ್ರೆ ಮತ್ತೊಂದು ಬೋರ್ಡ್, ಮತ್ತೆರಡು ವರ್ಷ.

ಕಷ್ಟ ಆಗಿದ್ದು ನನ್ನ ಹೇಳಿಕೆ ಬರೆಯೋದು. ಕೂತ್ರೆ ಕೈ ನಡುಗೋದು, ಎರಡು ಸಾಲು ಬರೆದು ಎದ್ದು ಹೋಗೋದು. ಆಗ ನನ್ನ ಹೆಂಡತಿ ಅಟ್ಟದ ಮೇಲಿಂದ ಹಳೇ ಕ್ಯಾಲೆಂಡರ್‌ಗಳನ್ನ ತಂದು ಮುಂದಿಟ್ಲು. ಹಾಲಿನ ಲೆಕ್ಕದ ಕ್ಯಾಲೆಂಡರ್. ಅರ್ಧ ಲೀಟರ್, ಒಂದು ಲೀಟರ್ ಅಂತ ಇರೋ ಕಡೆ ಪಕ್ಕದಲ್ಲಿ ಸಣ್ಣದಾಗಿ ಪೆನ್ಸಿಲ್‌ನಲ್ಲಿ ‘ಕೂಗಿದ್ರು’, ‘ಮಲಗ್ಲಿಲ್ಲ’, ‘ಬಾಗಿಲ ಹತ್ರ ಕೂತಿದ್ರು’. ಒಂದೊಂದು ತಿಂಗಳಲ್ಲಿ ಹನ್ನೊಂದು ಹನ್ನೆರಡು ಸಲ. ನನಗೆ ಒಂದು ದಿನನೂ ಹೇಳಿರ್ಲಿಲ್ಲ ಅವಳು. ಕೋರ್ಟಿಗೆ ಕ್ಯಾಲೆಂಡರ್ ನಡೆಯಲ್ಲ ಅಂದ್ರು ವಕೀಲರು, ಆದ್ರೆ ಅದನ್ನ ನೋಡ್ಕೊಂಡೇ ನಾನು ಹೇಳಿಕೆ ಬರೆದು ಮುಗಿಸಿದ್ದು, ಒಂದೂವರೆ ಪುಟ, ದಿನಾಂಕ, ಜಾಗ, ಏನಾಯ್ತು, ಆಮೇಲೆ ಮನೇಲಿ ಏನಾಗ್ತಿತ್ತು, ಅಷ್ಟೇ. ವೀರಗಾಥೆ ಬರೀಬೇಡಿ ಅಂದಿದ್ರು ಅವ್ರು, ನಾನೂ ಅದನ್ನೇ ಹೇಳ್ತೀನಿ.

ಕರ್ನಾಟಕದವರ ಕೇಸು ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ನ ಕೊಚ್ಚಿ ಬೆಂಚಿಗೆ ಹೋಗುತ್ತೆ. 2016ರ ಮಾರ್ಚಲ್ಲಿ ಹಾಕಿದ್ವಿ, 2018ರಲ್ಲಿ ನನ್ನ ಪರ ಆರ್ಡರ್ ಆಯ್ತು. ಬೇಗ ಹಾಕಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಲೇಟಾದ್ರೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ ಅರಿಯರ್ಸ್ ಮಾತ್ರ ಕೊಡೋದು, ನಾನು ಮೂರು ವರ್ಷ ತುಂಬೋಕೆ ಮುಂಚೆ ಹಾಕಿದ್ರಿಂದ ಏನೂ ಹೋಗ್ಲಿಲ್ಲ. ಲೆಕ್ಕ ಹೀಗೆ, ನೂರಕ್ಕೆ ನೂರು ಡಿಸೆಬಿಲಿಟಿ ಇದ್ರೆ ಕೊನೆ ಸಂಬಳದ 30 ಪರ್ಸೆಂಟ್, ನನ್ನ 30ಕ್ಕೆ 9 ಪರ್ಸೆಂಟ್ ಬರ್ಬೇಕಿತ್ತು, ಆದ್ರೆ 2014ರ ರಾಮ್ ಅವತಾರ್ ತೀರ್ಪಿನಿಂದ ನನ್ನಂತೆ ಅವಧಿ ಮುಗಿಸಿ ಬಂದವರಿಗೂ ಬ್ರಾಡ್ ಬ್ಯಾಂಡಿಂಗ್ ಸಿಗುತ್ತೆ, 50ಕ್ಕಿಂತ ಕಮ್ಮಿ ಇದ್ರೆ 50 ಅಂತ ಹಿಡೀತಾರೆ, ಹಾಗಾಗಿ 15 ಪರ್ಸೆಂಟ್. ಹೊಸ ಪಿಪಿಓ (ಪೆನ್ಷನ್ ಪೇಮೆಂಟ್ ಆರ್ಡರ್) ಕೈಗೆ ಬರೋಕೆ ಮತ್ತೆ ಹತ್ತು ತಿಂಗಳು ಓಡಾಡ್ಸಿದ್ರು.

2023ರ ಸೆಪ್ಟೆಂಬರ್ 21ರಿಂದ ಈಚೆಗೆ ರಿಟೈರ್ ಆದವರಿಗೆ ಹೊಸ ರೂಲ್ಸ್ ಇದೆ, ಅವ್ರು ಅದನ್ನ ಬೇರೆಯಾಗಿ ಓದ್ಕೋಬೇಕು. ಇನ್ನೂ ಸರ್ವಿಸ್‌ನಲ್ಲಿ ಇರೋ ಹುಡುಗ್ರಿಗೆ ನನ್ನದೊಂದು ಬೇಡಿಕೆ, ನಿದ್ದೆ ಬರ್ತಿಲ್ಲ ಅಂದ್ರೆ ಎಂಐ ರೂಮಿಗೆ (ಯೂನಿಟ್‌ನ ಚಿಕಿತ್ಸಾ ಕೊಠಡಿ) ಹೋಗಿ ಬರೆಸಿ, ಅವತ್ತಿನ ದಿನಾಂಕದಲ್ಲೇ ಬರೆಸಿ, ಬೋರ್ಡ್‌ನಲ್ಲಿ ಸೈನ್ ಹಾಕೋ ಮುಂಚೆ ‘ನಾನಾ’ ಕಾಲಮ್ ಓದಿ.

ಮಾತ್ರೆ ಈಗ್ಲೂ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಿಂದ ತರ್ತೀನಿ, ಒಂದು ರಾತ್ರಿಗೆ. ಕ್ಯಾಲೆಂಡರ್ ಮೇಲೆ ಈಗ ಪೆನ್ಸಿಲ್ ಗುರುತು ಕಮ್ಮಿ, ಹೋದ ತಿಂಗಳು ಎರಡೇ ಇದ್ವು.