ಸ್ಟಾಫಿಂಗ್ ಸ್ಟಾರ್ಟಪ್‌ನಲ್ಲಿ ಮುಖ್ಯಸ್ಥರು ಬದಲಾದಾಗ ನೌಕರರು ಮಾಡಿಕೊಳ್ಳಬೇಕಾದ ಕೆಲಸಗಳು

ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳಲ್ಲಿರುವ ಸಣ್ಣ ಸ್ಟಾಫಿಂಗ್ ಕಂಪನಿಗಳಲ್ಲಿ, ಅಂದರೆ ಬೇರೆ ಕಂಪನಿಗಳಿಗೆ ನೌಕರರನ್ನು ಹುಡುಕಿಕೊಡುವ ಕಂಪನಿಗಳಲ್ಲಿ, ಇನ್ಸೆಂಟಿವ್ ಎಷ್ಟು, ಬಡ್ತಿ ಯಾವಾಗ, ಮನೆಯಿಂದ ಕೆಲಸ ಮಾಡಲು ಎಷ್ಟು ದಿನ ಅವಕಾಶ ಎಂಬ ವಿಷಯಗಳು ಬಹುಮಟ್ಟಿಗೆ ಸ್ಥಾಪಕರ ಮಾತಿನ ಮೇಲೆಯೇ ನಡೆದುಕೊಂಡು ಬಂದಿರುತ್ತವೆ. ಸ್ಥಾಪಕರು ಹೊರನಡೆದು ಹೂಡಿಕೆದಾರರು ಹೊಸ ಸಿಇಒ ಅವರನ್ನು ತಂದಾಗ, ಬರಹದಲ್ಲಿರುವ ಒಪ್ಪಂದಗಳಷ್ಟೇ ಅವರ ಕೈಗೆ ಸಿಗುತ್ತವೆ. ಮಾತಿನಲ್ಲಿದ್ದದ್ದಕ್ಕೆ ಹೊಣೆ ಹೊರುವವರು ಇರುವುದಿಲ್ಲ. ಆದ್ದರಿಂದ ಹೊಸಬರು ಒಳ್ಳೆಯವರೋ ಅಲ್ಲವೋ ಎಂಬ ಚರ್ಚೆಯಲ್ಲಿ ಮೊದಲ ವಾರಗಳನ್ನು ಕಳೆಯದೆ, ನಿಮಗೆ ಬಾಯಿಮಾತಿನಲ್ಲಿ ಸಿಕ್ಕಿದ ಪ್ರತಿಯೊಂದು ಭರವಸೆಯನ್ನೂ ಬರಹಕ್ಕೆ ತರಿಸಿಕೊಳ್ಳಿ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ರಿಕ್ರೂಟರ್‌ಗಳ ಇನ್ಸೆಂಟಿವ್. ಕಾಯಂ ನೇಮಕಾತಿಯಲ್ಲಿ ಅಭ್ಯರ್ಥಿಯ ವಾರ್ಷಿಕ ವೇತನದ 8.33%, ಅಂದರೆ ಒಂದು ತಿಂಗಳ ಸಂಬಳದಷ್ಟನ್ನು, ನೌಕರರನ್ನು ಕೇಳಿದ ಕಂಪನಿ, ಅಂದರೆ ಕ್ಲೈಂಟ್, ಶುಲ್ಕವಾಗಿ ಕೊಡುವುದು ರೂಢಿ. ಆದರೆ ಆ ಹಣ ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಅವರು ನಡುವೆಯೇ ಬಿಟ್ಟುಹೋದರೆ ಬೇರೊಬ್ಬರನ್ನು ಕೊಡಬೇಕಾದ ರಿಪ್ಲೇಸ್‌ಮೆಂಟ್ ಅವಧಿ ಮುಗಿಯುವವರೆಗೆ ಎಷ್ಟೋ ಕಂಪನಿಗಳು ಇನ್ಸೆಂಟಿವ್ ಬಿಡುಗಡೆ ಮಾಡುವುದಿಲ್ಲ. ಜನವರಿಯಲ್ಲಿ ಕ್ಲೋಸ್ ಆದ (ಅಭ್ಯರ್ಥಿ ಖಚಿತವಾದ) ಪೊಸಿಷನ್‌ಗೆ ಅಭ್ಯರ್ಥಿ 90 ದಿನಗಳ ನೋಟಿಸ್ ಮುಗಿಸಿ ಏಪ್ರಿಲ್‌ನಲ್ಲಿ ಸೇರಿದರೆ, ಮತ್ತೆ 90 ದಿನಗಳ ರಿಪ್ಲೇಸ್‌ಮೆಂಟ್ ಅವಧಿ ಕಳೆದು ನಿಮ್ಮ ಹಣ ಬರುವಾಗ ಜುಲೈ ದಾಟಿರುತ್ತದೆ. ಅಷ್ಟರಲ್ಲಿ ಮುಖ್ಯಸ್ಥರು ಬದಲಾಗಿದ್ದರೆ, ಇನ್ಸೆಂಟಿವ್‌ನ ಹಳೆಯ ಸ್ಲ್ಯಾಬ್ (ದರಪಟ್ಟಿ) ಯಾವುದು, ಹೊಸದು ಯಾವುದು ಎಂಬ ವಾದದಲ್ಲಿ ಆ ಹಣ ಸಿಕ್ಕಿಕೊಳ್ಳುತ್ತದೆ.

ಹೀಗಾಗದಂತೆ ಈ ರೀತಿಯ ಮೇಲ್ ಬರೆಯಿರಿ: "ನಮಸ್ಕಾರ ಮೇಡಂ, ಜನವರಿಯಿಂದ ಮಾರ್ಚ್‌ವರೆಗೆ ನಾನು ಕ್ಲೋಸ್ ಮಾಡಿದ ಪೊಸಿಷನ್‌ಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಅಭ್ಯರ್ಥಿ ಸೇರಿದ ದಿನ, ಇನ್‌ವಾಯ್ಸ್ ಹೋದ ದಿನ, ರಿಪ್ಲೇಸ್‌ಮೆಂಟ್ ಅವಧಿ ಮುಗಿಯುವ ದಿನ ಮೂರೂ ಅದರಲ್ಲಿವೆ. ಇವುಗಳ ಇನ್ಸೆಂಟಿವ್ ಹಿಂದಿನ ಸ್ಲ್ಯಾಬ್ ಪ್ರಕಾರ ಬರುತ್ತದೆ ಎಂದು ಹಿಂದಿನ ಮುಖ್ಯಸ್ಥರು ಟೀಮ್ ಮೀಟಿಂಗ್‌ನಲ್ಲಿ ತಿಳಿಸಿದ್ದರು. ದಯವಿಟ್ಟು ಖಚಿತಪಡಿಸಿ." ಇದರಲ್ಲಿ ದೂರಿನ ಧಾಟಿ ಇಲ್ಲವೆಂಬುದನ್ನು ಗಮನಿಸಿ. ಹೊಸದಾಗಿ ಬಂದವರಿಗೂ ಲೆಕ್ಕ ಸ್ಪಷ್ಟವಾಗಬೇಕಿರುತ್ತದೆ. ದಿನಾಂಕಗಳನ್ನು ಮುಂದಿಟ್ಟವರಿಗೆ ಉತ್ತರ ಬೇಗ ಸಿಗುತ್ತದೆ. ಹೊರಹೋಗುತ್ತಿರುವ ಮುಖ್ಯಸ್ಥರ ಆಫೀಸ್ ಮೇಲ್ ಇನ್ನೂ ಚಾಲ್ತಿಯಲ್ಲಿದ್ದರೆ, ಅವರಿಂದಲೇ ಎರಡು ಸಾಲಿನ ದೃಢೀಕರಣ ಪಡೆಯುವುದು ಇನ್ನೂ ಉತ್ತಮ.

ಎರಡನೆಯದು ಪಿಎಫ್, ಅಂದರೆ ಭವಿಷ್ಯನಿಧಿ. ಕಾಂಟ್ರ್ಯಾಕ್ಟ್ ಸ್ಟಾಫಿಂಗ್‌ನಲ್ಲಿ ಡೆಪ್ಯುಟೇಶನ್ ಮೇಲಿರುವವರಿಗೆ, ಅಂದರೆ ನಿಮ್ಮ ಕಂಪನಿಯ ನೌಕರರಾಗಿದ್ದು ಕ್ಲೈಂಟ್ ಕಡೆ ದುಡಿಯುವವರಿಗೆ, ತಿಂಗಳು ತಿಂಗಳು ಸಂಬಳ ಕೊಡಲೇಬೇಕು, ಆದರೆ ಕ್ಲೈಂಟ್‌ನಿಂದ ಹಣ ಬರಲು 45 ಅಥವಾ 60 ದಿನ ಹಿಡಿಯುವುದುಂಟು. ಈ ನಡುವಿನ ಕೊರತೆ ಬಿಗಿಯಾದಾಗಲೇ ಎಷ್ಟೋ ಕಡೆ ನಾಯಕತ್ವವೂ ಬದಲಾಗುತ್ತದೆ. ಅಂಥ ಹೊತ್ತಿನಲ್ಲಿ ಮೊದಲು ತಡವಾಗುವುದು ಪಿಎಫ್ ಮತ್ತು ಟಿಡಿಎಸ್ (ಸಂಬಳದಲ್ಲೇ ಕಡಿತವಾಗುವ ಆದಾಯ ತೆರಿಗೆ) ಪಾವತಿ. ನಿಮ್ಮ ಸಂಬಳದಿಂದ ಕಡಿತವಾದ 12% ಮತ್ತು ಕಂಪನಿಯ ಪಾಲು ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ಪೇ ಸ್ಲಿಪ್‌ನ ಮೊತ್ತದೊಡನೆ ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಸ್ಲಿಪ್‌ನಲ್ಲಿ ಕಡಿತ ಕಾಣಿಸಿ ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಏನೂ ಇಲ್ಲದಿದ್ದರೆ ಎಚ್‌ಆರ್‌ಗೆ ಬರೆದು ಕೇಳಿ. ಉತ್ತರ ಬಾರದಿದ್ದರೆ ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಒದ ದೂರು ಪೋರ್ಟಲ್ ಇದೆ, ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯನಿಧಿ ಭವನವೂ ಇದೆ. ಸಂಬಳವೇ ನಿಂತರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬೇಕು. ಟಿಡಿಎಸ್ ಅನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಬಹುದು. ಅದು ತ್ರೈಮಾಸಿಕ ಲೆಕ್ಕ ಸಲ್ಲಿಕೆಯಾದ ಮೇಲೆ ಕಾಣಿಸುವುದರಿಂದ ಸ್ವಲ್ಪ ಕಾಯಬೇಕಾಗುತ್ತದೆ.

ಹೊಸ ಆಡಳಿತವು ಬೇರೊಂದು ಕಂಪನಿಯ ಹೆಸರಿನಲ್ಲಿ ಆಫರ್ ಲೆಟರ್ ಕೊಟ್ಟು, "ಇದೆಲ್ಲ ಬರೀ ಫಾರ್ಮಾಲಿಟಿ, ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿ ಸಹಿ ಮಾಡಿ" ಎಂದು ಹೇಳಿದರೆ ಖಂಡಿತ ಒಮ್ಮೆ ತಡೆದು ಯೋಚಿಸಿ. ಕಾಯಂ ನೌಕರರಿಗೆ ಗ್ರ್ಯಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಇಡಿಗಂಟು) ಬರುವುದು ಐದು ವರ್ಷ ಸತತ ಸೇವೆ ಸಲ್ಲಿಸಿದ ಮೇಲೆ. ನಾಲ್ಕೂವರೆ ವರ್ಷ ದುಡಿದವರು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದರೆ, ಆ ಸೇವೆ ಅಲ್ಲಿಗೇ ಕಡಿದುಹೋಯಿತು ಎಂದು ಮುಂದೆ ಕಂಪನಿ ವಾದಿಸಬಹುದು. ಹಿಂದಿನ ಸೇವೆ, ಉಳಿದಿರುವ ರಜೆ ಮತ್ತು ಗ್ರ್ಯಾಚ್ಯುಟಿ ಹೊಸ ಕಂಪನಿಗೆ ಮುಂದುವರಿಯುತ್ತವೆ ಎಂಬ ವರ್ಗಾವಣೆ ಪತ್ರವನ್ನು ಕೇಳಿ; ಅದು ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಪತ್ರಕ್ಕೆ ಸಹಿ ಹಾಕುತ್ತಿರುವವರು ನಿಜಕ್ಕೂ ನಿರ್ದೇಶಕರೇ ಎಂಬುದನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಪರಿಶೀಲಿಸಬಹುದು. ನಿರ್ದೇಶಕರ ಬದಲಾವಣೆಯನ್ನು ಕಂಪನಿ 30 ದಿನಗಳೊಳಗೆ ಅಲ್ಲಿ ದಾಖಲಿಸಬೇಕು.

ನಿಮ್ಮನ್ನು ನಂಬಿ ಕ್ಲೈಂಟ್ ಕಡೆ ಕೆಲಸ ಮಾಡುತ್ತಿರುವವರ ಬಗೆಗೂ ಒಂದು ಮಾತು ಹೇಳಲೇಬೇಕು. "ಸಾರ್, ಈ ತಿಂಗಳ ಸಂಬಳ ಬರುತ್ತಾ?" ಎಂದು ಅವರು ಕರೆ ಮಾಡುವುದು ನಿಮಗೇ ಹೊರತು ಸಿಇಒಗೆ ಅಲ್ಲ. ನಿಮಗೆ ಖಚಿತವಿಲ್ಲದ ದಿನಾಂಕವನ್ನು ಸಮಾಧಾನಕ್ಕಾಗಿ ಹೇಳಬೇಡಿ, ಏಕೆಂದರೆ ಆ ದಿನಾಂಕ ನೆಚ್ಚಿಕೊಂಡು ಅವರು ಮನೆ ಬಾಡಿಗೆಗೆ ಮಾತು ಕೊಟ್ಟಿರುತ್ತಾರೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತನೇ (ಇಲ್ಲಿ ಕ್ಲೈಂಟ್ ಕಂಪನಿ) ಅದನ್ನು ಕೊಟ್ಟು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಇದು ಅವರಲ್ಲಿ ಬಹುಮಂದಿಗೆ ಗೊತ್ತಿಲ್ಲ, ತಿಳಿಸಿ.

ಬಿಡಲು ನಿರ್ಧರಿಸಿದರೆ ಆಫರ್ ಲೆಟರ್, ಅಪ್ರೈಸಲ್ ಪತ್ರ, ಪೇ ಸ್ಲಿಪ್‌ಗಳನ್ನು ಲಾಗಿನ್ ಇರುವಾಗಲೇ ಇಳಿಸಿಕೊಳ್ಳಿ. ಅಭ್ಯರ್ಥಿಗಳ ಡೇಟಾಬೇಸ್, ಕ್ಲೈಂಟ್ ಪಟ್ಟಿ ಮಾತ್ರ ನಿಮ್ಮದಲ್ಲ. ಸ್ವಂತ ಜಿಮೇಲ್‌ಗೆ ಅದನ್ನು ಕಳಿಸಿಕೊಂಡರೆ ನಿಮ್ಮ ನ್ಯಾಯವಾದ ಬಾಕಿಯನ್ನೂ ತಡೆಯಲು ಅದೇ ನೆಪವಾಗುತ್ತದೆ. ಇಸಾಪ್ (ನೌಕರರಿಗೆ ಕಂಪನಿಯ ಷೇರು ಪಡೆಯುವ ಹಕ್ಕು ಕೊಡುವ ಯೋಜನೆ) ಇದ್ದರೆ, ಕೆಲಸ ಬಿಟ್ಟ ಮೇಲೆ ಎಷ್ಟು ದಿನಗಳಲ್ಲಿ ಷೇರು ಪಡೆಯಬೇಕು ಎಂಬ ಷರತ್ತನ್ನು ಓದಿಯೇ ರಾಜೀನಾಮೆಯ ದಿನ ಗೊತ್ತುಮಾಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸೆಟಲ್‌ಮೆಂಟ್ ಮೇಲ್‌ನಲ್ಲಿ ಈ ನಿಯಮವನ್ನು ವಿನಯದಿಂದಲೇ ಉಲ್ಲೇಖಿಸಿ. ಪಿಎಫ್ ಖಾತೆಯಲ್ಲಿ ನಿರ್ಗಮನದ ದಿನಾಂಕವನ್ನು ಕಂಪನಿ ತುಂಬದಿದ್ದರೆ, ಕೊನೆಯ ಜಮೆಯಾಗಿ ಎರಡು ತಿಂಗಳಾದ ಮೇಲೆ ಅದನ್ನು ನೀವೇ ಪೋರ್ಟಲ್‌ನಲ್ಲಿ ನಮೂದಿಸಬಹುದು.