ಮ್ಯೂಸಿಯಂಗೆ ವಿನ್ಯಾಸ ಸ್ಪರ್ಧೆ ಕರೆಯುವ ಮುನ್ನ: ಜಾಗವನ್ನು ಜುಲೈನಲ್ಲಿ ತೋರಿಸಿ

ಕೊಡಗಿಗೊಂದು ರಾಷ್ಟ್ರಮಟ್ಟದ ಮ್ಯೂಸಿಯಂ ಬೇಕು ಎಂದು ನಾಲ್ಕು ಜನ ಸೇರಿದರೆ ಮೊದಲು ಹೊರಡುವುದು ಪೋಸ್ಟರ್. 'ಜಗತ್ತಿನ ವಾಸ್ತುಶಿಲ್ಪಿಗಳಿಗೆ ಆಹ್ವಾನ' ಎಂಬ ಸಾಲು, ಕೆಳಗೆ ಬಹುಮಾನದ ಮೊತ್ತ. ಅದು ಕೊನೆಗೆ ಮಾಡಬೇಕಾದ ಕೆಲಸ. ಸ್ಪರ್ಧೆ ಕೆಡುವುದು ಅದಕ್ಕೂ ಎಷ್ಟೋ ತಿಂಗಳು ಮುಂಚೆ, ಯಾರೂ ಸರಿಯಾಗಿ ಓದದ ಒಂದು ಕಡತದಲ್ಲಿ.

ಮೊದಲು ದುಡ್ಡು. ಕಟ್ಟುವವರು ಯಾರು, ಕಟ್ಟಿದ ಮೇಲೆ ವರ್ಷವರ್ಷವೂ ನಡೆಸುವವರು ಯಾರು ಎಂಬುದು ಸಹಿಯಾದ ಕಾಗದದಲ್ಲಿರಲಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಗುಗ್ಗನ್‌ಹೈಮ್ ಕಲಾ ಮ್ಯೂಸಿಯಂಗೆ 1,715 ವಿನ್ಯಾಸಗಳು ಬಂದವು, 2015ರಲ್ಲಿ ವಿಜೇತರನ್ನೂ ಘೋಷಿಸಿದರು. ಮರುವರ್ಷ ನಗರ ಪರಿಷತ್ತು ಯೋಜನೆಯನ್ನೇ ತಿರಸ್ಕರಿಸಿತು. ಅಷ್ಟೂ ಕಚೇರಿಗಳ ದುಡಿಮೆ ನೀರುಪಾಲು.

ಆಮೇಲೆ ಜಾಗ. ಕುಟುಂಬಕ್ಕೆಲ್ಲ ಸೇರಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಗೊಡವೆಗೆ ಹೋಗಲೇಬೇಡಿ. ಕುಟುಂಬದ ಹಕ್ಕುದಾರರೆಲ್ಲರ ಒಪ್ಪಿಗೆ ಕೂಡಿಬರುವಷ್ಟರಲ್ಲಿ ತೀರ್ಪುಗಾರರೇ ನಿವೃತ್ತರಾಗಿರುತ್ತಾರೆ. ಪೈಸಾರಿ, ಅಂದರೆ ಸರ್ಕಾರಿ ಜಾಗವಾದರೂ ಅದು ದೇವರಕಾಡಿಗೋ ಅರಣ್ಯಕ್ಕೋ ಸೇರಿದ್ದಲ್ಲ ಎಂದು ಸರ್ವೆ ಮಾಡಿಸಿಕೊಳ್ಳಿ. ಒಂದು ಮೀಟರ್ ಅಂತರದ ಇಳಿಜಾರು ನಕ್ಷೆ, ಬೋರ್ ಹಾಕಿಸಿ ಮಾಡಿದ ಮಣ್ಣುಪರೀಕ್ಷೆ, ನೀರು ಹರಿದುಹೋಗುವ ದಾರಿ ಈ ಮೂರೂ ಕೈಗೆ ಬಾರದೆ ಮುಂದಕ್ಕೆ ಹೆಜ್ಜೆ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟಗಳು ಜಾರಿದ್ದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಹುತೇಕ ಸಮಿತಿಗಳು ಎಡವುವ ಜಾಗ: ಸ್ಪರ್ಧೆಯ ಬ್ರೀಫ್. ವಾಸ್ತುಶಿಲ್ಪಿಗೆ ನಿಮ್ಮ ಬೇಡಿಕೆ ಏನೆಂದು ತಿಳಿಸುವ ಕಡತ ಇದು. ನಾನು ಕಂಡ ಇಂಥ ಕಡತಗಳಲ್ಲಿ ಕಾವೇರಿ, ವೀರಪರಂಪರೆ, ಹಸಿರು ಸಿರಿ ಎಲ್ಲಾ ಧಾರಾಳ. ಒಂದು ಕೋಣೆಯ ಅಳತೆ ಮಾತ್ರ ಇಲ್ಲ. ಬ್ರೀಫ್ ಬರೆಯುವ ಮೊದಲು ವಸ್ತುಗಳ ಪಟ್ಟಿ ಆಗಬೇಕು. ಕೊಡವರದ್ದು ಮಾತ್ರವೋ, ಅರೆಭಾಷೆಯವರು, ಯರವರು, ಜೇನುಕುರುಬರು, ಮಾಪಿಳ್ಳೆಗಳು ಎಲ್ಲರದ್ದೂ ಸೇರುತ್ತದೋ? ಈ ಜಗಳ ಈಗಲೇ ಮುಗಿಯಲಿ. ಬಿಟ್ಟರೆ ಅಡಿಪಾಯ ಹಾಕುವ ದಿನ ಗ್ಯಾಲರಿಗಳ ಸಂಖ್ಯೆ ಬದಲಾಗುತ್ತದೆ.

ಪಟ್ಟಿಯಲ್ಲಿರುವ ಅತಿ ದೊಡ್ಡ ವಸ್ತುವನ್ನು ಟೇಪು ಹಿಡಿದು ಅಳೆಯಿರಿ. ಐನ್‌ಮನೆಯ (ಕೊಡವ ಕುಟುಂಬದ ಹಿರಿಯರ ಮೂಲಮನೆ) ಕೆತ್ತನೆ ಕಂಬವೋ ಭತ್ತ ತುಂಬಿಡುವ ಪತ್ತಾಯವೋ ಇರಬಹುದು. ಸರಕಿನ ಲಿಫ್ಟ್, ಬಾಗಿಲು, ಲಾರಿ ತಿರುಗುವ ಜಾಗ ಎಲ್ಲವೂ ಆ ಅಳತೆಯಿಂದಲೇ ಹುಟ್ಟುತ್ತವೆ. ಹೊರಗಿಂದ ಬಂದ ಮರದ ಸಾಮಾನನ್ನು ಗೆದ್ದಲು ಪರೀಕ್ಷೆ ಮುಗಿಯುವ ತನಕ ಬೇರೆ ಇಡಲು ಒಂದು ಕೋಣೆ ಕೇಳಿ. ಉಗ್ರಾಣಕ್ಕೆ ಧಾರಾಳವಾಗಿ ಜಾಗ ಕೊಡಿ, ಯಾವ ಮ್ಯೂಸಿಯಂ ಕೂಡ ತನ್ನಲ್ಲಿರುವುದನ್ನೆಲ್ಲ ಒಟ್ಟಿಗೆ ಪ್ರದರ್ಶನಕ್ಕಿಡುವುದಿಲ್ಲ. ಹಳೆಯ ಕುಪ್ಯ (ಕೊಡವ ಗಂಡಸರ ಉದ್ದ ನಿಲುವಂಗಿ), ತಾಳೆಗರಿ ಇರುವಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರಬಾರದು ಎಂದು ಅಂಕಿಯಲ್ಲೇ ಬರೆಯಿರಿ. 'ಸೂಕ್ತ ಬೆಳಕು' ಎಂದರೆ ಗಾಜಿನ ಗೋಡೆ ಬರುತ್ತದೆ.

ಮಳೆಯ ವಿಚಾರಕ್ಕೆ ಒಂದು ಪುಟವನ್ನೇ ಮೀಸಲಿಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಗಾಳಿಯ ತೇವ ಶೇ 70 ದಾಟಿ ನಿಂತರೆ ಬಟ್ಟೆ, ಕಾಗದ, ಚರ್ಮಕ್ಕೆಲ್ಲ ಬೂಷ್ಟು. ತೇವ ಹೀರುವ ಯಂತ್ರ ಇದೆಯಲ್ಲ ಎನ್ನಬೇಡಿ. ಅದೇ ಮಳೆಗೆ ಮರ ಬಿದ್ದು ಕರೆಂಟೂ ಹೋಗುತ್ತದೆ. 'ಎರಡು ದಿನ ವಿದ್ಯುತ್ ಇಲ್ಲದಿದ್ದರೂ ಉಗ್ರಾಣದ ಒಳಹವೆ ಕೆಡಬಾರದು' ಎಂಬ ಷರತ್ತು ಹಾಕಿ. ಒಳ್ಳೆಯ ವಾಸ್ತುಶಿಲ್ಪಿಗೆ ಇಂಥ ಷರತ್ತಿನಿಂದಲೇ ಹುರುಪು.

ಜಾಗ ತೋರಿಸಲು ಜನವರಿಯ ಬಿಸಿಲು ಬೇಡ. ಜುಲೈನಲ್ಲಿ ಕರೆದುಕೊಂಡು ಹೋಗಿ, ಜಿಗಣೆ ಕಚ್ಚಲಿ. ಸಂಗೀತ ಹಾಕಿದ ಡ್ರೋನ್ ವಿಡಿಯೋಗೆ ಸುರಿಯುವ ಹಣ ದಂಡ, ಅದರಲ್ಲಿ ಇಳಿಜಾರೆಲ್ಲ ಸಪಾಟಾಗಿ ಕಾಣುತ್ತದೆ.

'ಐನ್‌ಮನೆಯಂತೆ ಕಾಣಬೇಕು' ಎಂದು ಮಾತ್ರ ಖಂಡಿತ ಬರೆಯಬೇಡಿ. ಬರೆದರೆ ಬರುವುದು ಹಂಚಿನ ಟೊಪ್ಪಿ ಹಾಕಿಕೊಂಡ ಕಾಂಕ್ರೀಟು. ಐನ್‌ಮನೆಯ ಅಳತೆಯ ನಕ್ಷೆಗಳನ್ನು ಲಗತ್ತಿಸಿ, ಅವುಗಳಿಂದ ಏನು ಕಲಿಯುತ್ತಾರೋ ಅವರಿಗೇ ಬಿಡಿ.

ತೀರ್ಪುಗಾರರ ಸಂಖ್ಯೆ ಬೆಸವಾಗಿರಲಿ, ಹೆಚ್ಚಿನವರು ವಾಸ್ತುಶಿಲ್ಪಿಗಳಾಗಿರಲಿ. ಅಂತರರಾಷ್ಟ್ರೀಯ ವಾಸ್ತುಶಿಲ್ಪಿಗಳ ಒಕ್ಕೂಟ ಮತ್ತು ಯುನೆಸ್ಕೋದ ನಿಯಮಾವಳಿ ಇಂಥ ಸ್ಪರ್ಧೆಗಳಿಗೆಂದೇ ಇದೆ, ಓದಿ. ಪ್ಯಾರಿಸ್ಸಿನ ಪೊಂಪಿಡು ಕೇಂದ್ರಕ್ಕೆ 1971ರಲ್ಲಿ 681 ವಿನ್ಯಾಸ ಬಂದಾಗ ತೀರ್ಪುಗಾರರ ಅಧ್ಯಕ್ಷ ಜ್ಯಾಂ ಪ್ರೂವೆ, ಲೋಹದ ಕಟ್ಟೋಣದಲ್ಲಿ ಪಳಗಿದ ಕೈ. ಕೊಳವೆಗಳನ್ನೆಲ್ಲ ಹೊರಮೈಯಲ್ಲೇ ತೋರಿಸುವ ಆ ಕಟ್ಟಡವನ್ನು ಆರಿಸುವ ಧೈರ್ಯ ಸುಮ್ಮನೆ ಬಂದದ್ದಲ್ಲ. ಶಾಸಕರು, ಜಿಲ್ಲಾಧಿಕಾರಿಗಳಿಗೆ ಉದ್ಘಾಟನೆಯಲ್ಲಿ ಸ್ಥಾನ ಇದ್ದೇ ಇದೆ.

ಸ್ಪರ್ಧಿಗಳ ಹೆಸರಿಲ್ಲದ ಸ್ಪರ್ಧೆ ಎಂದಮೇಲೆ ನಿಜಕ್ಕೂ ಹೆಸರಿರಬಾರದು. ಕೋಡ್ ನಂಬರ್ ಕೊಟ್ಟು ಸುಮ್ಮನಾಗುತ್ತಾರೆ, ಪಿಡಿಎಫ್‌ನ ಗುಣವಿವರದಲ್ಲಿ ಕಚೇರಿಯ ಹೆಸರು ಹಾಗೇ ಕುಳಿತಿರುತ್ತದೆ. ತೀರ್ಪಿನಿಂದ ಹೊರಗಿರುವ ಒಬ್ಬರು ಪ್ರತಿ ಫೈಲನ್ನೂ ತೆರೆದು ಆ ಹೆಸರನ್ನು ಅಳಿಸಲಿ.

ಎರಡು ಸುತ್ತು ಮಾಡಿ. ಮೊದಲನೆಯದಕ್ಕೆ ಎರಡು ಎ1 ಹಾಳೆ ಸಾಕು. ಐದಾರು ಜನರನ್ನು ಆರಿಸಿ, ಎರಡನೇ ಸುತ್ತಿಗೆ ಗೌರವಧನ ಕೊಟ್ಟು ವೆಚ್ಚದ ಲೆಕ್ಕವನ್ನೂ ಕೇಳಿ. ಸಿಡ್ನಿ ಒಪೆರಾ ಹೌಸ್‌ನ ಛಾವಣಿ ಕಟ್ಟುವ ಬಗೆ ಇತ್ಯರ್ಥವಾಗುವ ಮೊದಲೇ 1959ರಲ್ಲಿ ಕೆಲಸ ಶುರುಮಾಡಿದರು. 70 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಅಂದಾಜು 1973ರಲ್ಲಿ ಮುಗಿಯುವಾಗ 10.2 ಕೋಟಿ ಆಗಿತ್ತು.

ಗೆದ್ದವರ ಜತೆ ಮಾಡಿಕೊಳ್ಳುವ ಕರಾರಿನ ಕರಡು ಮೊದಲ ದಿನವೇ ನಿಯಮಗಳ ಜತೆ ಇರಲಿ. ವಿದೇಶಿಯರು ಗೆದ್ದರೆ ವಾಸ್ತುಶಿಲ್ಪಿಗಳ ನೋಂದಣಿ ಮಂಡಳಿಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡ ಇಲ್ಲಿಯವರೊಬ್ಬರನ್ನು ಜತೆಗೂಡಿಸಿಕೊಳ್ಳಬೇಕು ಎಂಬುದೂ ಅದರಲ್ಲೇ ಬರಲಿ.

ಫಲಿತಾಂಶದ ಜತೆಗೇ ತೀರ್ಪಿನ ಕಾರಣಗಳನ್ನು ಪ್ರಕಟಿಸಿ, ಎಲ್ಲಾ ವಿನ್ಯಾಸಗಳನ್ನೂ ಊರಿನವರ ಮುಂದೆ ಪ್ರದರ್ಶನಕ್ಕಿಡಿ. ಫ್ಲೆಕ್ಸ್ ಬೇಡ, ಲೈಟು ಬಿದ್ದರೆ ಹೊಳೆದು ಗೆರೆ ಕಾಣುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಕಾಗದವನ್ನು ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಅಂಟಿಸಿ, ಮಳೆ ನಿಂತ ಮೇಲೆ ನಡೆಸಿ; ಆಗಸ್ಟ್‌ನಲ್ಲಿ ಅಂಟಿಸಿದರೆ ವಾರದೊಳಗೆ ಅಂಚು ಎದ್ದು ಸುರುಳಿಯಾಗುತ್ತದೆ.